ಮೊದಲ ಸೌಟು

ಹಾಸ್ಟೆಲ್ಲಿನ ಮಕ್ಕಳು ಅವಳಿಗಿಟ್ಟ ಹೆಸರು ಸೌಟಮ್ಮ. ಅಲ್ಲಿನ ಅಡುಗೆಮನೆಯಲ್ಲಿ ಮೂವತ್ತೆರಡು ವರ್ಷ, ಹೊತ್ತಿಗೆ ಮುನ್ನೂರು ತಟ್ಟೆ. ಅಷ್ಟು ಹೊಟ್ಟೆ ತುಂಬಿಸಿದ ಹೆಂಗಸಿಗೆ ಒಬ್ಬನಿಗೆ ಗಂಜಿ ಕಾಯಿಸಲು ಬರುವುದಿಲ್ಲ ಅಂದರೆ ಯಾರು ತಾನೇ ನಂಬುತ್ತಾರೆ? ಆದರೂ ಮಾತು ನಿಜ. ಅವಳ ಮನೆಯ ಒಲೆ ಚಹಾ ಬಿಟ್ಟು ಬೇರೇನೂ ಕಂಡದ್ದಿಲ್ಲ. ಗಂಡನ ಊಟವೂ ಹಾಸ್ಟೆಲ್ಲಿನಿಂದಲೇ ಡಬ್ಬಿಯಲ್ಲಿ ಬರುತ್ತಿತ್ತು, ಮಕ್ಕಳೆಲ್ಲ ಉಂಡೆದ್ದ ಮೇಲೆ, ಪಾತ್ರೆಯ ತಳದ್ದು.

ಗಂಡ ಬಸ್ ಕಂಡಕ್ಟರಾಗಿದ್ದವನು. ಅವನು ‘ರೈಟ್’ ಅಂದರೆ ಮುಂದಿನ ಸ್ಟಾಪಿನವರೂ ಚೀಲ ಎತ್ತಿಕೊಳ್ಳಬೇಕು, ಅಂಥ ಗಂಟಲು. ಅವಳು ನಿವೃತ್ತಳಾದ ವಾರವೇ ಆ ಗಂಟಲಿಗೆ ಆಪರೇಷನ್ ಆಯಿತು. ನಿನ್ನೆ ಮೂಗಿನ ಟ್ಯೂಬ್ ತೆಗೆದು ಮನೆಗೆ ಕಳಿಸುವಾಗ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: “ನಾಳೆ ಸಂಜೆಯೊಳಗೆ ಒಂದು ಬಟ್ಟಲು ಗಂಜಿ ಬಾಯಿಂದ್ಲೇ ಹೋಗ್ಬೇಕಮ್ಮ. ಇಲ್ಲಾಂದ್ರೆ ಮತ್ತೆ ಟ್ಯೂಬೇ ಗತಿ.” ಅದನ್ನು ಕೇಳಿ ಗಂಡ ಅವಳ ಸೆರಗು ಹಿಡಿದುಕೊಂಡಿದ್ದ, ಸ್ಕೂಲಿಗೆ ಹೋಗಲ್ಲ ಎನ್ನುವ ಮಗುವಿನ ಹಾಗೆ.

ಬೆಳಗ್ಗೆ ಪುಟ್ಟ ಪಾತ್ರೆಯಲ್ಲಿ ಗಂಜಿ ಇಟ್ಟಳು. ಅಕ್ಕಿ ಹಿಡಿಯಷ್ಟೇ ಹಾಕಿದಳು, ಆದರೆ ಉಪ್ಪಿನ ಡಬ್ಬಿಗೆ ಹೋದ ಕೈ ಹಳೆಯ ರೂಢಿ ಬಿಡಲಿಲ್ಲ. ಒಂದು ಚಮಚಕ್ಕೇ ಅವನ ಕಣ್ಣಲ್ಲಿ ನೀರು. ಮಧ್ಯಾಹ್ನ ಎರಡನೆಯ ಸಲ ಹೆದರಿ ಹೆದರಿ ಉಪ್ಪು ಚಿಟಿಕೆ, ನೀರೂ ಗುಟುಕಷ್ಟೇ ಹಾಕಿದಳು, ಅದು ತಳ ಹಿಡಿದು ಸೀದುಹೋಯಿತು. ಅವನು ಅದನ್ನು ನೋಡಿ ನಕ್ಕ. ಬೈದಿದ್ದರೆ ವಾಸಿ ಇತ್ತು. ಗಡಿಯಾರ ಆಗಲೇ ಮೂರು ತೋರಿಸುತ್ತಿತ್ತು.

ಸೀದ ವಾಸನೆಗೆ ಮೇಲಿನ ಮನೆಯ ಟೀಚರ್ ಇಳಿದು ಬಂದರು.

“ಏನ್ರೀ ಸೌಟಮ್ಮ, ಊರಿಗೆ ಉಪಕಾರಿ ಮನೆಗೆ ಮಾರಿ ಆಗ್ಬಿಟ್ರಲ್ಲಾ! ಬಿಡಿ, ನಾನು ಮಾಡ್ಕೊಡ್ತೀನಿ.”

“ಬೇಡಮ್ಮ. ಇವತ್ತೂ ಅವ್ರಿಗೆ ಮನೇಲಿ ನನ್ನ ಕೈಯಡುಗೆ ಸಿಗ್ಲಿಲ್ಲ ಅಂದ್ರೆ ನಾನು ಇದ್ದೂ ದಂಡ,” ಅಂದಳು. ಸೀದ ಪಾತ್ರೆಯನ್ನೇ ನೋಡುತ್ತಿದ್ದವಳು ತಟ್ಟನೆ ತಲೆ ಎತ್ತಿದಳು. “ಈ ಬಿಲ್ಡಿಂಗಲ್ಲಿ ಒಟ್ಟು ಎಷ್ಟು ಜನ ಇದೀವಿ?”

“ಮಕ್ಕಳು ಮರಿ ಸೇರಿ ಒಂದೈವತ್ತು. ಯಾಕೆ?”

“ಎಲ್ರಿಗೂ ಪಾತ್ರೆ ತರಕ್ಕೆ ಹೇಳಿ. ಇವತ್ತು ನಮ್ಮನೇದೇ ಗಂಜಿ.”

ಹಾಸ್ಟೆಲ್ಲಿನವರು ಬೀಳ್ಕೊಡುವಾಗ ಕೊಟ್ಟ ಐವತ್ತು ಜನರ ಪಾತ್ರೆ ಮಂಚದ ಕೆಳಗಿತ್ತು. ಎಳೆದು ತೊಳೆದು, ಎರಡೂ ಬರ್ನರಿನ ಮೇಲೆ ಅಡ್ಡಡ್ಡ ಕೂರಿಸಿದಳು. ಅಂಗಡಿಯಿಂದ ತರಿಸಿದ ಅಕ್ಕಿ ಸುರಿಯುವಾಗಲೇ ಕೈಗೆ ಜೀವ ಬಂತು. ಉಪ್ಪು ಹಾಕುವಾಗ ಅವಳು ಪಾತ್ರೆಯ ಕಡೆ ನೋಡಲೂ ಇಲ್ಲ, ಟೀಚರ್ ಜೊತೆ ಮಾತಾಡುತ್ತಲೇ ಎಸೆದಳು. ಕುದಿಯ ಸದ್ದು ಲೊಟಲೊಟ ಅಂದಾಗ ಉರಿ ತಗ್ಗಿಸಿದಳು. ಅಗುಳು ಮೆತ್ತಗೆ ಕರಗಿ ಗಂಜಿ ಹದಕ್ಕೆ ಬಂದಿತ್ತು.

ಅಷ್ಟರಲ್ಲಿ ಬಾಗಿಲಿನಿಂದ ಮೆಟ್ಟಿಲವರೆಗೆ ಪಾತ್ರೆ ಹಿಡಿದವರ ಸಾಲು. ಸೌಟಮ್ಮ ಸೌಟನ್ನೇ ಅಡ್ಡ ಹಿಡಿದಳು.

“ನಿಲ್ಲಿ ಎಲ್ರೂ. ಮೊದಲ ಸೌಟು ಒಳಗೆ.”

ಬಟ್ಟಲಿಗೆ ಹಾಕಿ, ಆರಿಸಿ, ಗಂಡನ ಬಾಯಿಗೆ ಒಂದು ಚಮಚ ಇಟ್ಟಳು. ಅವನು ಕಣ್ಣು ಮುಚ್ಚಿದ. ಗಂಟಲು ಒಮ್ಮೆ ಏರಿತು, ನಿಂತಿತು, ಇಳಿಯಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಮತ್ತೊಂದು ಚಮಚ, ಇನ್ನೊಂದು. ಅರ್ಧ ಗಂಟೆ ಹಿಡಿಯಿತು, ಹೊರಗಿನ ಸಾಲು ಕದಲಲಿಲ್ಲ.

ಬಟ್ಟಲು ಬರಿದಾಯಿತು. ಅವನು ಅವಳ ಕೈ ಎಳೆದು ಹತ್ತಿರ ಕರೆದ. ಎಷ್ಟೋ ದಿನದ ಮೇಲೆ ಹೊರಟ ದನಿ, ಬರೀ ಗಾಳಿಯಷ್ಟಿತ್ತು.

“ಲೇ... ಇಷ್ಟು ವರ್ಷ ತಳದ್ದೇ ತಿಂದೆ. ನಿನ್ನ ಮೊದಲ ಸೌಟು ಹಿಂಗಿರತ್ತಾ?”

ಅವಳಿಗೆ ಅಳು ಬಂತು. ಅವನು ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ. “ಜನ ಕಾಯ್ತಿದಾರೆ, ಹೋಗು. ರೈಟ್.”

“ಕಾಯ್ಲಿ ಬಿಡ್ರಿ,” ಅಂದಳು ಸೌಟಮ್ಮ. ಹಾಸ್ಟೆಲ್ಲಿನಲ್ಲಿ ಒಂದು ದಿನವೂ ಸಾಲನ್ನು ಕಾಯಿಸದವಳು, ಸೌಟು ಮುಟ್ಟದೆ ಗಂಡನ ಪಕ್ಕ ಕೂತಳು.