ಬಾಣದಕ್ಕನ ಚಿತ್ರಪಾಠ

ಬಾಯಿಬಿಟ್ಟು ಹೇಳಿದರೆ ಅರ್ಧ ನಿಮಿಷದಲ್ಲಿ ಮುಗಿಯುವ ಸಂಗತಿಯನ್ನು ಚಿತ್ರ ಮಾಡಿ ಕಳಿಸಿಯೇ ತೀರುವುದು ನಮ್ಮ ಕಚೇರಿಯ ಬಾಣದಕ್ಕನ ಜಾಯಮಾನ. ಪಕ್ಕದ ಮೇಜಿನವನಾದ ನಾನು, "ಅಕ್ಕ, ಪುಟಸಂಖ್ಯೆ ಹಾಕೋದು ಹೇಗೆ?" ಎಂದು ಕೇಳಿದರೆ ಆಕೆ ಇತ್ತ ತಿರುಗುವುದೂ ಇಲ್ಲ; ಬೂದು ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿ, ಆ ಕೆಲಸವನ್ನು ತಮ್ಮ ಕಂಪ್ಯೂಟರಿನಲ್ಲಿ ತಾವೇ ಮಾಡುತ್ತ, ಹೆಜ್ಜೆಹೆಜ್ಜೆಗೂ ಸ್ಕ್ರೀನ್‌ಶಾಟ್ ತೆಗೆದು, ಒತ್ತಬೇಕಾದ ಗುಂಡಿಗೆ ಕೆಂಪು ಬಾಣ ಬರೆದು, ನನ್ನ ಇಮೇಲಿಗೆ ರವಾನಿಸಿ, ಆಮೇಲೆ ಎದುರಿನ ಗೋಡೆಯನ್ನು ಕೇಳುವವರಂತೆ "ಕಾಣ್ತಾ?" ಎನ್ನುತ್ತಾರೆ. ಕಾಣದೆ ಏನು! ಕುರುಡನ ಕಣ್ಣಿಗೂ ನಾಟುವಷ್ಟು ದಪ್ಪ ಬಾಣಗಳವು.

ನಡಿಗೆಯೂ ಅದೇ ಧಾಟಿಯದು. ಹೊರಟರೆಂದರೆ ಗುರಿಯವರೆಗೆ ನೇರ; ನಡುವೆ ನಿಂತು ಯಾರೊಡನೆಯೂ ಹರಟಿದವರಲ್ಲ. "ಬಾಯಿಗೇನು ಬೀಗ ಹಾಕ್ಕೊಂಡಿದ್ದೀರಾ?" ಎಂದು ನಾನೊಮ್ಮೆ ಕಾಲೆಳೆದಾಗ ಆಕೆ ನಗಲಿಲ್ಲ. "ಮಾತಲ್ಲಿ ನಾವು ಹೇಳೋದೊಂದು, ಅವರಿಗೆ ಕೇಳ್ಸೋದೊಂದು. ಚಿತ್ರದಲ್ಲಿ ಆ ರಗಳೆ ಇಲ್ಲ" ಎಂದರು. ತಂದೆ ತೀರಿಕೊಂಡ ವಾರದಲ್ಲೇ ಒಡಹುಟ್ಟಿದ ಅಣ್ಣನೊಡನೆ ಮಾತಿಗೆ ಮಾತು ಬೆಳೆದು, ಅಂದಿನಿಂದ ಇಬ್ಬರ ನಡುವೆ ಮಾತುಕತೆಯೇ ನಿಂತಿತ್ತೆಂಬುದು ನನಗೆ ತಿಳಿದದ್ದು ಆಮೇಲೆ.

ಅವರ ತಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾದ ದಿನ ಮುದುಕಿ ಹಟ ಹಿಡಿದರು: "ಅವನ ಮುಖ ನೋಡದೆ ನಾನು ಒಳಗೆ ಹೋಗಲ್ಲ." ಬೇರೂರಿನಲ್ಲಿದ್ದ ಮಗನೋ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ, ಅವನ ಬಳಿ ಇದ್ದದ್ದು ಹಳೆಯ ಬಟನ್ ಫೋನು ಮತ್ತು ಇಮೇಲ್ ನೋಡಲಷ್ಟೇ ಬಳಸುತ್ತಿದ್ದ ಲ್ಯಾಪ್‌ಟಾಪು. ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಗಂಡನನ್ನು ಅವರದೇ ಮೊಬೈಲಿನೊಡನೆ ಕೂರಿಸಿ, ಚಿತ್ರ ಮಾಡಲೆಂದು ಅಕ್ಕ ಕಚೇರಿಯ ಕಂಪ್ಯೂಟರಿಗೆ ಓಡಿಬಂದರು. ಲ್ಯಾಪ್‌ಟಾಪಿನಿಂದ ಆ ಮೊಬೈಲಿನ ವೀಡಿಯೊ ಕರೆಗೆ ಸೇರುವ ಬಗೆಯನ್ನೆಲ್ಲ ಚಿತ್ರಗಳಾಗಿಸಿ, ಒಂದಕ್ಷರ ಕುಶಲ ವಿಚಾರಿಸದೆ, ಅಣ್ಣನ ಇಮೇಲಿಗೆ ಕಳಿಸಿದರು. ಉತ್ತರ ಬಂತು: "ಬಾಣ ಇರೋ ಕಡೆ ಒತ್ತಿ ಒತ್ತಿ ಬೆರಳು ನೋಯ್ತು. ಏನೂ ಆಗ್ತಿಲ್ಲ."

ಅಯ್ಯೋ ಪುಣ್ಯಾತ್ಮ! ಚಿತ್ರದೊಳಗಿನ ಗುಂಡಿಯನ್ನೇ ಒತ್ತುತ್ತ ಕೂತಿದ್ದ. ನನಗೆ ನಗು ಬಂತು; ಅಕ್ಕನ ಮುಖ ನೋಡಿ ನುಂಗಿಕೊಂಡೆ. ಆಕೆ ಇನ್ನೊಂದು ಚಿತ್ರಕ್ಕೆ ಬಾಣ ಬರೆಯಲು ಹೊರಟರು, ಅಳಿಸಿದರು, ಮತ್ತೆ ಬರೆದರು. ಅಷ್ಟರಲ್ಲಿ ಗಂಡನ ಕರೆ: ಸ್ಟ್ರೆಚರ್ ಬಾಗಿಲಿಗೆ ಬಂದಿದೆ. ಮೌಸ್ ಬಿಟ್ಟು ಅಕ್ಕ ಅಣ್ಣನ ನಂಬರ್ ಒತ್ತಿದರು.

"ಅಣ್ಣ... ಅದನ್ನ ಒತ್ತಬೇಡ ಕಣೋ. ಅದು ಬರೀ ಚಿತ್ರ."

ಆಮೇಲೆ ಅಕ್ಕ, ಮೇಲೆ ನೋಡು, ಕೆಳಗೆ ನೋಡು, ನೀಲಿ ಅಕ್ಷರ ಒತ್ತು, ಅಲ್ಲವೋ ಮಾರಾಯ, ಅದರ ಪಕ್ಕದ್ದು ಎಂದು ಇಡೀ ಕಚೇರಿಗೆ ಕೇಳುವಂತೆ ಕೂಗಿ ಹೇಳಿದರು. ಕೊನೆಗೆ ಕೇಳಿದರು: "ಕಾಣ್ತಾ?"

"ಅಮ್ಮ ಕಾಣ್ತಿದ್ದಾಳೆ ಕಣೇ" ಎಂಬ ಉತ್ತರ ಪಕ್ಕದ ಮೇಜಿನವರೆಗೂ ಕೇಳಿಸಿತು.

ಹೀಗೆ ಬಾಣ ಬರೆದು ದಾರಿ ತೋರುವವರನ್ನು ನಾನು ಬೇರೆಡೆಯೂ ಕಂಡಿದ್ದೇನೆ. ಎಂದೋ ಒಮ್ಮೆ ಆಡಿದ ಮಾತು ಕೆಟ್ಟುಹೋದದ್ದಕ್ಕೆ ಬೆದರಿ, ಅವರು ಊರಿಗೆಲ್ಲ ತಪ್ಪದ ದಾರಿಯನ್ನು ಬರೆದುಕೊಡುತ್ತಾರೆ. ತಾವು ಮಾತ್ರ, ತಮ್ಮವರಾರಾದರೂ ದಾರಿ ತಪ್ಪಿ ಕರೆಯಲೆಂದು, ಒಳಗೊಳಗೇ ಕಾಯುತ್ತಿರುತ್ತಾರೆ.