ಬೆಳ್ಳಿಬಣ್ಣದ ರಿಂಗು

ಗೌರಾಬಾಯಿ ಚೂರಿಯ ತುದಿಯಿಂದ ಸ್ಟೋವಿನ ರಿಂಗನ್ನು ಕೆರೆಯತೊಡಗಿದಾಗ ಅವಳ ತಾಯಿಯ ಹೆಣಕ್ಕೆ ಇನ್ನೂ ನೀರು ಹಾಕಿರಲಿಲ್ಲ. ರವಿವಾರ ಪೇಟೆಯ, ಹತ್ತಾರು ಸಂಸಾರಗಳಿದ್ದ ಆ ವಾಡೆಯ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದ್ದರು. ಸೊಲ್ಲಾಪುರದಿಂದ ಬೆಳಗಿನ ಗಾಡಿಗೆ ಬಂದಿಳಿದ ಮಗಳು ಮನಸಾರೆ ಅತ್ತು, ಕಣ್ಣೊರೆಸಿಕೊಂಡು, ನೆಟ್ಟಗೆ ಅಡುಗೆಮನೆಗೇ ಬಂದಿದ್ದಳು. ತಾಯಿಯ ಮಗಳು ಅಂದರೆ ಹಾಗೆ.

"ಅವ್ವ ಇದಕ್ಕ ಬಣ್ಣ ಹಚ್ಚತಿದ್ದದ್ದು ದೀಪಾವಳಿಗೆ. ಈಗ್ಯಾಕ ಹಚ್ಚೀದಿ?"

"ನನಗ ಗೊತ್ತಿಲ್ರಿ ಅಕ್ಕಾರ," ಎಂದಳು ಸೊಸೆ ಪಾರವ್ವ.

"ಇನ್ನೂ ಹಸೀನ ಅದ, ಕೈಗೆ ಅಂಟತದ. ಭೂತ ಬಂದು ಹಚ್ಚಿ ಹೋತೇನು?"

ಆ ಸ್ಟೋವಿನ ಮೇಲೆಯೇ, ಹಿಂದಿನ ಸಂಜೆ ತೀರಿಕೊಂಡ ರುದ್ರವ್ವ ವಿಜಾಪುರ, ಧಾರವಾಡದ ಕಡೆಯಿಂದ ಬಂದ ಗುಮಾಸ್ತರಿಗೆ ಅಡುಗೆ ಮಾಡಿಹಾಕಿ, ಗಂಡನಿಲ್ಲದೆ ಎರಡು ಮಕ್ಕಳನ್ನು ಸಾಕಿದ್ದಳು. ರಿಪೇರಿಯವನು ಒಳ್ಳೆಯ ಸಾಮಾನು ಕದ್ದು ಸವೆದದ್ದನ್ನು ಕೂರಿಸುತ್ತಾನೆಂದು ಅವನೆದುರೇ ಕಾವಲು ಕೂರುತ್ತಿದ್ದಳು. ಪಾತ್ರೆ ಕೂರುವ ರಿಂಗಿನ ಕೆಳಬದಿಗೆ ಮೂರು ಕಚ್ಚು ಹೊಡೆದಿದ್ದಳು. ಅದು ಅವಳ ಗುರುತು. ಯುದ್ಧ ಶುರುವಾದ ಮೇಲಂತೂ ಹೊಸ ರಿಂಗು ಪೇಟೆಯಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ.

"ಅವ್ವನ ರಿಂಗ್ ಮಾರ್ಕೊಂಡು, ಸವದದ್ದೊಂದು ತಂದು ಬಣ್ಣ ಬಳದು ಕೂಡ್ಸಿದಂಗ ಅದ," ಎಂದಳು ಗೌರಾಬಾಯಿ. "ಈರಾ, ಮೂರು ಕಚ್ಚು ಕಾಣಲಿಲ್ಲಂದ್ರ ಇಕೀನ್ನ ಇವತ್ತ ತವರಿಗೆ ಕಳಸು."

ಬಾಗಿಲಲ್ಲಿ ನಿಂತಿದ್ದ ತಮ್ಮ ಈರಬಸಪ್ಪ ಹೆಂಡತಿಯ ಮುಖವನ್ನೇ ನೋಡಿದ.

*

ಪಾರವ್ವ ಸೊಸೆಯಾಗಿ ಬಂದ ದಿನ ರುದ್ರವ್ವ ಉಳಿ ಹಿಡಿದುಕೊಂಡೇ ಕೂತಿದ್ದಳು. ತವರಿನಿಂದ ಬಂದ ಹಿತ್ತಾಳೆ ಕೊಡಕ್ಕೆ ಮೂರು ಕಚ್ಚು ಹಾಕಲಿಲ್ಲ, ಒಂದರ ಮೇಲೊಂದು ಅಡ್ಡ ಹಾಯುವ ಎರಡು ಕಚ್ಚಿನ ಕತ್ತರಿ ಗುರುತು ಹೊಡೆದಳು.

"ಇದು ನಿನ್ನ ಗುರುತು. ನಂದ್ರಾಗ ಕೂಡಸಬ್ಯಾಡ."

ಅಂದಿನಿಂದ ಪಾರವ್ವನಿಗೆ ಇದ್ದಿಲ ಒಲೆ. ಸ್ಟೋವ್ ಮುಟ್ಟುವಂತಿಲ್ಲ. ಸೀಮೆಎಣ್ಣೆಯ ಬಾಟಲಿಗೆ ಅತ್ತೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಿಡುತ್ತಿದ್ದಳು. ಆ ಮನೆಯಲ್ಲಿ ಬೆಕ್ಕು ಕೂಡ ಕಣ್ಣು ಮುಚ್ಚಿ ಹಾಲು ಕುಡಿಯುವ ಧೈರ್ಯ ಮಾಡುತ್ತಿರಲಿಲ್ಲ.

ಮೊನ್ನೆ ಮೊನ್ನೆ, ಅತ್ತೆ ಜ್ವರದಲ್ಲಿ ಮಲಗಿದ್ದಾಗ, ಇದ್ದಿಲು ನೆನೆದು ಹೋಗಿ ಒಲೆ ಹತ್ತಲಿಲ್ಲ. ಪಾರವ್ವ ಶಿವಾ ಎಂದು ಸ್ಟೋವಿಗೆ ಪಂಪು ಹೊಡೆದಳು.

"ಯಾರದು ಸ್ಟೋ ಮುಟ್ಟಿದವ್ರು?" ಎಂದು ಹಾಸಿಗೆಯಿಂದಲೇ ಕೂಗು ಬಂತು.

ಪಾರವ್ವ ಗಂಜಿಯ ಬಟ್ಟಲು ತಂದಿಟ್ಟಳು. ಮುದುಕಿ ಅದನ್ನು ತಳ ಕಾಣುವವರೆಗೆ ಕುಡಿದಳು. ಆಮೇಲೆ ಬಾಟಲಿ ತರಿಸಿಕೊಂಡು, ಹಳೆಯ ಗೆರೆ ಅಳಿಸಿ, ಕೆಳಗೆ ಹೊಸದೊಂದು ಗೆರೆ ಎಳೆದಳು. ಬೈಗುಳ ಬರಲಿಲ್ಲ. ಮಾರನೆಯ ಬೆಳಿಗ್ಗೆಯೂ ಸ್ಟೋವ್ ಹತ್ತಿತು, ಮತ್ತೆ ಗೆರೆ ಬಿತ್ತು. ಅದೇ ರೂಢಿಯಾಯಿತು.

*

ಗೌರಾಬಾಯಿಯ ಚೂರಿಗೆ ಬಣ್ಣ ಎದ್ದುಬಂತು. ಮೂರು ಕಚ್ಚುಗಳಿರಲಿಲ್ಲ. ಆ ಜಾಗವನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಲಾಗಿತ್ತು. ಅದರ ಮೇಲೆ ಹೊಸದಾಗಿ ಹೊಡೆದ ಕತ್ತರಿ ಗುರುತು.

"ನೋಡ್ರಿ! ರಿಂಗು ಅವ್ವಂದ ಅದ, ಗುರುತು ಇಕೀದು!" ಗೌರಾಬಾಯಿಯ ದನಿ ನಡುಮನೆಗೂ ಮುಟ್ಟಿತು. "ಹೆಣ ಏಳೂ ತನಕಾನೂ ತಡೀಲಿಲ್ಲ ಈಕಿ!"

"ಕೈ ತೋರಸು," ಎಂದ ಈರಬಸಪ್ಪ.

ಪಾರವ್ವ ಎರಡೂ ಕೈ ಚಾಚಿದಳು. ಇದ್ದಿಲ ಮಸಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಚಿಮಣಿ ಎಣ್ಣಿ ಹಚ್ಚಿ ತೊಳದ್ರ ಬಣ್ಣ ಹೋಗತದ. ನನಗ ಹೇಳ್ತೀಯೇನು?" ಎಂದಳು ಗೌರಾಬಾಯಿ.

"ನಿನ್ನಿ ಮಧ್ಯಾಹ್ನ ಪೂರಾ ನಾ ಎಣ್ಣಿ ಅಂಗಡಿ ಪಾಳೇದಾಗ ನಿಂತಿದ್ನಿರಿ. ಮನ್ಯಾಗ ಅತ್ತಿ ಒಬ್ಬರ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಅಷ್ಟರಲ್ಲಿ ಬಚ್ಚಲಿನಿಂದ ನೆರೆಮನೆಯ ಕಾಶವ್ವ ಕೂಗಿದಳು. ಹೆಣಕ್ಕೆ ನೀರು ಹಾಕುತ್ತಿದ್ದವಳು ಅವಳೇ.

"ಪಾರೂ, ಒಂದೀಟು ಚಿಮಣಿ ಎಣ್ಣಿ ತಗೊಂಡ್ ಬಾ. ನಿಮ್ಮತ್ತಿ ಬೆರಳಿಗೆ ಬೆಳ್ಳಿಬಣ್ಣ ಮೆತ್ತೇದ. ಎಷ್ಟ ತಿಕ್ಕಿದ್ರೂ ಹೋಗವಲ್ದು."

ಗೌರಾಬಾಯಿಯ ಚೂರಿ ಅಲ್ಲೇ ನಿಂತಿತು. ಈರಬಸಪ್ಪ ನೆಲ ನೋಡಿದ.

ಪಾರವ್ವ ಗೂಡಿನಿಂದ ಸೀಮೆಎಣ್ಣೆಯ ಬಾಟಲಿ ತೆಗೆದುಕೊಂಡು ಬಚ್ಚಲಿಗೆ ಹೋದಳು. ಎಣ್ಣೆ ಸರಿಯಾಗಿ ಗೆರೆಯ ಮಟ್ಟಕ್ಕಿತ್ತು. ನಿನ್ನೆ ಅವಳು ತಂದು ತುಂಬಿಸಿದ ಮೇಲೆ ಅತ್ತೆ ಎಳೆದ ಗೆರೆ, ಸೊಟ್ಟಗಾಗಿತ್ತು. ಕಾಶವ್ವ ಕೈ ಚಾಚಿದಳು. ಪಾರವ್ವ ಬಾಟಲಿಯನ್ನು ಎದೆಗೆ ಅವುಚಿಕೊಂಡಳು.

"ಬ್ಯಾಡ್ರಿ ಕಾಕೂ. ಅತ್ತಿ ಗೆರಿ ಹಾಕ್ಯಾರ್ರಿ," ಎಂದವಳಿಗೆ ಅಳು ಒತ್ತರಿಸಿ ಬಂತು. ಬೆಳಗಿನಿಂದ ಅವಳು ಅತ್ತದ್ದು ಅದೇ ಮೊದಲು.

ಮಧ್ಯಾಹ್ನ ರುದ್ರವ್ವನನ್ನು ಬಿದಿರಿಗೆ ಹೂ ಕಟ್ಟಿದ ವಿಮಾನದಲ್ಲಿ ಕೂರಿಸಿ ಹೊತ್ತರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಬಲಗೈ ತೊಡೆಯ ಮೇಲಿತ್ತು. ಪೇಟೆಯ ಬಿಸಿಲಿನಲ್ಲಿ ಆ ಕೈಯ ಹೆಬ್ಬೆರಳೂ ತೋರುಬೆರಳೂ ದಾರಿಯುದ್ದಕ್ಕೂ ಹೊಳೆಯುತ್ತಿದ್ದವು.