ಬಾಯಿ ಮುಚ್ಚಿಸಿಕೊಂಡ ಭೋಂಗಾ ಮತ್ತೆ ಬಾಯಿ ತೆರೆದದ್ದು

ನಾನು ಒಂದು ಭೋಂಗಾ. ದತ್ತೂರಿ ಹೂವಿನಂತೆ ಬಾಯಿ ಅಗಲಿಸಿಕೊಂಡು ಎತ್ತರದಲ್ಲಿ ಕೂತು ಒದರುವ ತಗಡಿನ ಜೀವ. ಊರವರು ನನ್ನನ್ನು ಮೈಕು ಎನ್ನುತ್ತಾರೆ. ತಪ್ಪು. ಮೈಕು ಕೆಳಗೆ ಕೈಯಲ್ಲಿರುತ್ತದೆ, ಅದು ಕಿವಿ. ಮೇಲಿರುವ ನಾನು ಬಾಯಿ. ಕೇಳಿಸಿಕೊಳ್ಳುವುದು ಅದು, ಬೈಸಿಕೊಳ್ಳುವುದು ನಾನು. ಈಗ ವಯಸ್ಸಾಗಿದೆ. ಹೊಸಕಟ್ಟಿ ಪಂಚಾಯ್ತಿಯ ಕಸದ ಶೆಡ್ಡಿನ ಮೂಲೆಯಲ್ಲಿ ಮೊಳೆಗೆ ನೇತುಬಿದ್ದಿದ್ದೇನೆ. ಬಾಯೊಳಗೆ ಗುಬ್ಬಿಯೊಂದು ಸಂಸಾರ ಹೂಡಿದೆ, ಅದಕ್ಕೇ ಮೆಲ್ಲಗೆ ಮಾತಾಡುತ್ತೇನೆ. ಆದರೆ ಹೇಳುವುದೆಲ್ಲ ನಿಜ. ಸ್ವಂತ ಸುಳ್ಳು ಹುಟ್ಟಿಸುವ ಶಕ್ತಿ ನನ್ನ ಕುಲಕ್ಕೇ ಇಲ್ಲ. ಬೇರೆಯವರು ಊದಿದ್ದನ್ನು ದೊಡ್ಡದು ಮಾಡುವುದಷ್ಟೇ ಗೊತ್ತು.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಚಿಕ್ಕ ಕಾರ್ಖಾನೆಯಲ್ಲಿ. ತಗಡು ಬಡಿದರು, ಬೆಸುಗೆ ಹಾಕಿದರು, ಬೂದು ಬಣ್ಣ ಬಳಿದರು. ಕೂಸುಗಳೆಲ್ಲ ಹುಟ್ಟಿದ ಕೂಡಲೇ ಅಳುತ್ತವೆ. ನಾನು ‘ಹಲೋ’ ಎಂದೆ.

ನನ್ನನ್ನು ಕೊಂಡವನು ಹೊಸಕಟ್ಟಿಯ ಮೈಕ್‌ಸೆಟ್ಟಿನ ಶಿವಪುತ್ರಪ್ಪ. ಎಂಥ ದನಿ ಅವನದು! ಮೈಕಿಗೆ ‘ಫೂ, ಫೂ’ ಎಂದು ಊದಿ, “ಹಲೋ... ಮಹನೀಯರೇ, ಮಹಿಳೆಯರೇ...” ಎಂದು ಅವನು ಎಳೆದರೆ ಊರಿನ ಎಮ್ಮೆಗಳೂ ಮೆಲುಕು ನಿಲ್ಲಿಸುತ್ತಿದ್ದವು. ಮದುವೆ, ನಾಟಕ, ಚುನಾವಣೆ, ಎಲ್ಲದಕ್ಕೂ ಅವನು ಗಂಟಲು, ನಾನು ಬಾಯಿ. ಮೈಕು ಹಿಡಿದ ಎಲ್ಲರಿಗೂ ಅವನು ಒಂದೇ ಪಾಠ ಹೇಳುತ್ತಿದ್ದ: “ಮಾತು ಮುಗೀತಂದ್ರ ಮೊದಲ ಸ್ವಿಚ್ ಆರ್ಸು. ಸ್ವಿಚ್ ಮರತಾಂವ ಮನಿ ಮಾತು ಊರಿಗೆಲ್ಲಾ ಹಂಚತಾನ.”

ಆಮೇಲೆ ಶಬ್ದಮಾಲಿನ್ಯದ ಕಾನೂನು ಬಿಗಿಯಾಯಿತು. ರಾತ್ರಿ ಒದರಬಾರದು, ಸಾಲಿ-ಆಸ್ಪತ್ರೆ ಹತ್ತಿರ ಒದರಲೇಬಾರದು, ಹಗಲಲ್ಲೂ ಅಳತೆ ಮೀರಬಾರದು. ಬಾಣಂತಿಯರು ನಿದ್ದೆ ಮಾಡಿದರು, ಪರೀಕ್ಷೆಯ ಮಕ್ಕಳು ಓದಿದರು. ನ್ಯಾಯ ಅವರ ಕಡೆಗೇ ಇತ್ತು. ನಾನು ಬಾಯಿಬಿಟ್ಟು ಒಪ್ಪುತ್ತೇನೆ. ಆದರೆ ಶಿವಪುತ್ರಪ್ಪನ ಅಂಗಡಿಗೆ ಬಾಡಿಗೆಗೆ ಬರುವವರೇ ಇಲ್ಲವಾದರು. ಅವನು ಹೆಂಡತಿಯ ಜೊತೆ ಸೇರಿ ಖಾನಾವಳಿ ತೆಗೆದ. ಹೆಗಲ ವಲ್ಲಿಯಿಂದ ನನ್ನ ಬಾಯಿ ಒರೆಸಿ, ಮುಖ ಆಚೆ ತಿರುಗಿಸಿಕೊಂಡು ಪಂಚಾಯ್ತಿಗೆ ಮಾರಿದ.

ಒಂದು ಕಾನೂನು ನನ್ನ ಬಾಯಿ ಮುಚ್ಚಿಸಿತ್ತು, ಇನ್ನೊಂದು ತೆರೆಸಿತು. ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಬೇಕೆಂಬ ನಿಯಮ ಬಂದು, ಊರಿಗೆ ಕಸದ ಗಾಡಿ ಬಂತು. ಅದರ ನೆತ್ತಿಯ ಮೇಲೆ ನಾನು. ಸ್ಟೇರಿಂಗ್ ಹಿಂದೆ ಫಕ್ಕೀರವ್ವ.

ಆಕೆಯನ್ನು ಮೇಲಿನಿಂದ ನೋಡುತ್ತಿದ್ದರೂ ನನಗೆ ತಲೆ ಎತ್ತಿ ನೋಡಿದಂತೆಯೇ ಅನಿಸುತ್ತಿತ್ತು. ಗಾಡಿ ಕಲಿಯುವಾಗ ಕಟ್ಟೆಯ ಗಂಡಸರು, “ಸರೀರಿ, ಗ್ವಾಡಿಗೆ ಗುದ್ದತಾಳ!” ಎಂದು ನಗುತ್ತಿದ್ದರು. ಈಗ ಅದೇ ಗಂಡಸರು ಇಕ್ಕಟ್ಟಿನ ಓಣಿಯಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡರೆ ಅವಳನ್ನೇ ಕರೆಯುತ್ತಾರೆ. ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಕಸ ಆರಿಸುತ್ತಿದ್ದರು. ಒಣದ್ದು ಗುಜರಿಗೆ, ಹಸಿಯದ್ದು ಗೊಬ್ಬರವಾಗಿ ಮೆಣಸಿನಕಾಯಿ ಹೊಲಕ್ಕೆ. ಪರವೂರಿಗೆ ಕೂಲಿಗೆ ಬಸ್ಸು ಹತ್ತುತ್ತಿದ್ದವರು ಊರಲ್ಲೇ ದುಡಿಯತೊಡಗಿದ್ದರು.

ತೊಡಕಾದದ್ದು ಖಾನಾವಳಿಯ ಬಕೆಟ್ಟು. ರೊಟ್ಟಿ ಚೂರು, ಎಣ್ಣೆಗಾಯಿ, ಕ್ಯಾರಿಬ್ಯಾಗು, ಎಲ್ಲ ಒಂದರ ಮೈಮೇಲೊಂದು.

“ಕಾಕಾ, ಎರಡು ಬಕೆಟ್ ಇಡ್ರಿ,” ಎಂದು ಫಕ್ಕೀರವ್ವ ಹೇಳಿದರೆ ಶಿವಪುತ್ರಪ್ಪ ನನ್ನ ಕಡೆ ಬೆರಳು ಮಾಡುತ್ತಿದ್ದ. “ಒಂದ ಕಾನೂನು ನನ್ನ ಭೋಂಗಾ ಒಯ್ತು. ಇನ್ನೊಂದ ಕಾನೂನಿಗೆ ನಾ ಕಸಾ ಆರಿಸಿ ಕೊಡ್ಲೇನು? ನಡಿ ಮುಂದ!”

ಓಣಿಯವರೂ ಅದನ್ನೇ ಹಿಡಿದರು: “ಮೊದಲ ಕಾಕಾಗ ಹೇಳು, ಆಮ್ಯಾಲೆ ನಮಗ.” ಎಣ್ಣೆ ಹತ್ತಿದ ಒಣಕಸವನ್ನು ಗುಜರಿಯವರು ಮೂಗು ಮುಚ್ಚಿಕೊಂಡು ತಿರುಗಿ ಕಳಿಸಿದರು. ಹೀಗೇ ಆದರೆ ದೀಪಾವಳಿ ಹೊತ್ತಿಗೆ ಶೆಡ್ಡು ಮುಚ್ಚುವುದೇ ಎಂದು ಪಂಚಾಯ್ತಿ ಅಧ್ಯಕ್ಷರು ಹೇಳಿಬಿಟ್ಟರು. ಹೆಣ್ಣುಮಕ್ಕಳು ಮತ್ತೆ ಬಸ್ಸಿನ ವೇಳೆ ವಿಚಾರಿಸತೊಡಗಿದರು.

ಫಕ್ಕೀರವ್ವನಿಗೆ ಒಂದು ವಿದ್ಯೆ ಇತ್ತು. ಶೆಡ್ಡಿನಲ್ಲಿ ಅವಳು ಅಧ್ಯಕ್ಷರಂತೆ ಕೆಮ್ಮುತ್ತಿದ್ದಳು, ಕೆಟ್ಟ ಮೋಟರಿನಂತೆ ಗುರುಗುಡುತ್ತಿದ್ದಳು. ಶಿವಪುತ್ರಪ್ಪ ನಸುಕಿನಲ್ಲೇ ಸಂತೆಗೆ ಹೋದ ಒಂದು ದಿನ, ಓಣಿಯ ಬಾಯಿಗೆ ಬಂದೊಡನೆ ಅವಳು ಕಸದ ಹಾಡು ನಿಲ್ಲಿಸಿ ಮೈಕು ಎತ್ತಿಕೊಂಡಳು. ‘ಫೂ, ಫೂ.’ ನನ್ನ ತಗಡು ಜುಮ್ಮೆಂದಿತು. ಅದೇ ಊದು!

“ಹಲೋ... ಮಹನೀಯರೇ, ಮಹಿಳೆಯರೇ... ಇವತ್ತಿನಿಂದ ಶಿವಪುತ್ರಪ್ಪನ ಖಾನಾವಳಿಯೊಳಗ ಹಸಿ ಕಸಾ ಬ್ಯಾರೆ, ಒಣ ಕಸಾ ಬ್ಯಾರೆ. ಕ್ಯಾರಿಬ್ಯಾಗ್ ಬಂದ್. ಪಲ್ಯಾಕ್ಕ ಡಬ್ಬಿ ತಂದವರಿಗೆ ಝುಣಕದ ವಡಿ ಒಂದು ಪುಕ್ಕಟೆ!”

ಮಧ್ಯಾಹ್ನ ಶಿವಪುತ್ರಪ್ಪ ಸಂತೆಯ ಚೀಲ ಹೊತ್ತು ಬಂದಾಗ ಖಾನಾವಳಿ ಮುಂದೆ ಡಬ್ಬಿಗಳ ಜಾತ್ರೆ. ಅರ್ಧ ತಾಸಿನಲ್ಲಿ ಅವನು ಶೆಡ್ಡಿಗೆ ನುಗ್ಗಿದ. ಹೆಣ್ಣುಮಕ್ಕಳ ಕೈ ಕಸದಲ್ಲೇ ನಿಂತಿತು.

“ಯಾರದು ನನ್ನ ದನಿ ಕದ್ದದ್ದು?”

“ನಾನ ರೀ ಕಾಕಾ,” ಫಕ್ಕೀರವ್ವ ಮುಂದೆ ಬಂದಳು. “ಶೆಡ್ ಮುಚ್ಚತಾರಂತ. ನನಗ ಎಷ್ಟ ಬೇಕಾದ್ರೂ ಬೈರಿ. ಕೊಟ್ಟ ಮಾತು ಮಾತ್ರ ಹಿಂದ ತಗೋಬ್ಯಾಡ್ರಿ.”

“ನಾ ಎಲ್ಲಿ ಕೊಟ್ಟೀನಿ ಮಾತು?”

“ನಿಮ್ಮ ದನಿ ಕೊಟ್ಟೈತಲ್ರಿ.”

“ಜನಾ... ಯಾರೂ ಸಂಶೇ ಪಡ್ಲಿಲ್ಲೇನು?”

“ಇಲ್ರೀ. ‘ಎಷ್ಟ ದಿನದ ಮ್ಯಾಲೆ ಕಾಕಾನ ದನಿ ಕೇಳಿದ್ವಿ’ ಅಂದ್ರು.”

ಶಿವಪುತ್ರಪ್ಪ ಅಲ್ಲೇ ನಿಂತಿದ್ದ ಗಾಡಿ ಹತ್ತಿ ಮೈಕು ಕೈಗೆ ತೆಗೆದುಕೊಂಡ. ವರ್ಷಗಳ ಮೇಲೆ ಆ ಉಸಿರು ನನ್ನೊಳಗೆ ಹರಿಯಿತು.

“ಹಲೋ... ಮಹನೀಯರೇ, ಮಹಿಳೆಯರೇ... ಮುಂಜಾನಿ ಹೇಳಿದ್ದರಾಗ ಒಂದ ತಪ್ಪಾಗೈತಿ.”

ಫಕ್ಕೀರವ್ವನ ಮುಖ ಇಳಿಯಿತು. ಒಬ್ಬಾಕೆ ಕೈಗವಸು ಕಳಚತೊಡಗಿದಳು.

“ವಡಿ ಒಂದಲ್ಲ. ಎರಡು!”

ಮೈಕನ್ನು ಸೀಟಿನ ಮೇಲಿಟ್ಟು ಅವನು ಅವಳ ಕಡೆ ತಿರುಗಿದ. “ನೀ ಕಲ್ತದ್ದು ಅರ್ಧಾ, ಹುಡುಗಿ. ‘ಮಹನೀಯರೇ’ ಅಂದ ಮ್ಯಾಲೆ ಉಸುರು ಹಿಡೀಬೇಕು. ಆದ್ರೂ ನನ್ನ ಹೆಂಡ್ತಿನೂ ಮೋಸ ಹೋದ್ಲಲ್ಲೇ! ‘ಸಂತಿ ಅಂತ ಸುಳ್ಳ ಹೇಳಿ ಕಸದ ಗಾಡಿ ಹತ್ತೀರೇನು?’ ಅಂತ ಬದನಿಕಾಯಿ ಚೀಲದಲೇ ಬಡಿಯಾಕ ಬಂದ್ಲು. ಅಕಿ ಸಿಟ್ಟಿನ ಮುಂದ ಯಾವ ಕಾನೂನೂ ನಡಿಯೂದಿಲ್ಲ ನೋಡು!”

ದೂರದಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ನಗೆಯೊಂದು ಎದ್ದಿತು. ಆಮೇಲೆ ಓಣಿಯಿಂದ. ಆಮೇಲೆ ಖಾನಾವಳಿಯೊಳಗಿಂದ ಅವನ ಹೆಂಡತಿಯದೇ ದನಿ: “ಮನೀಗೆ ಬರ್ರಿ, ತೋರಸ್ತೀನಿ!”

ಶಿವಪುತ್ರಪ್ಪ ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಮೈಕನ್ನು. ಊರಿಗೆಲ್ಲ ಸ್ವಿಚ್ಚಿನ ಪಾಠ ಹೇಳಿದವನು ಸ್ವಿಚ್ಚು ಆರಿಸಿರಲಿಲ್ಲ.

ಫಕ್ಕೀರವ್ವ ಆರಿಸಲು ಕೈ ಚಾಚಿದಳು. “ಇರ್ಲಿ ಬಿಡ,” ಎಂದು ಅವನು ಅವಳ ಕೈ ತಡೆದ. ಹೊಟ್ಟೆ ಹಿಡಿದುಕೊಂಡ. ಊರಿಗೆ ಊರೇ ನಗುತ್ತಿತ್ತು. ಆದರೆ ಎಲ್ಲರಿಗಿಂತ ಜೋರಾಗಿ, ಮೂರು ಹೊಲ ದಾಟಿ ಮೆಣಸಿನಕಾಯಿ ಬಿಡಿಸುವವರಿಗೂ ಕೇಳುವಂತೆ ನಕ್ಕವನು ಶಿವಪುತ್ರಪ್ಪ. ಅಳತೆ ಮೀರಿತ್ತೋ ಏನೋ. ನಾನಂತೂ ಬಾಯಿ ಮುಚ್ಚಲಿಲ್ಲ.